ಹಲ್ಲಿನ ಲೆಕ್ಕ

ಬ್ಯೂನಸ್ ಐರಿಸ್‌ನಲ್ಲಿ ಇಪ್ಪತ್ತಾರು ವರ್ಷ
ಹಲ್ಲು ಮಾಡಿದೆ.
ನಾನು ಮಾಡಿದ ಒಂದು ಹಲ್ಲೂ
ಬೀದಿಯಲ್ಲಿ ನನಗೆ ಎದುರಾಗಲಿಲ್ಲ.
ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗೆ,
ಹೋದದ್ದು ಹೋಯಿತು.

ಬಾಡಿಗೆ ಏರಿತು. ಗಂಡ... ಅವನ ವಿಷಯ ಬೇಡ.
ಅರೆಯುವ ಯಂತ್ರ, ಮೇಣದ ಡಬ್ಬಿ, ಎರಡು ಕುರ್ಚಿ
ರಾತ್ರಿ ಬಸ್ಸಿನ ಹೊಟ್ಟೆಗೆ ತುಂಬಿ
ಬಾಹಿಯಾ ಬ್ಲಾಂಕಾದಲ್ಲಿ ಇಳಿದಾಗ
ಮೊದಲು ಮಾತಾಡಿಸಿದ್ದು ಗಾಳಿ.
ಕತ್ತಿನ ಸ್ಕಾರ್ಫು ಕಿತ್ತುಕೊಂಡು ಹೋಯಿತು.
“ನಾಳೆ ಯಾರದೋ ಬೇಲಿಯಲ್ಲಿ ಸಿಗುತ್ತೆ ಬಿಡಿ” ಅಂದ ಟ್ಯಾಕ್ಸಿಯವ.
ತಮಾಷೆ ಅಂದುಕೊಂಡೆ.

ಇದು ಎಂಥ ಅಳತೆಯ ಊರೋ ತಿಳಿಯಲಿಲ್ಲ.
ಹಳ್ಳಿಯಾಗಿದ್ದರೆ ಇಷ್ಟು ಹೊತ್ತಿಗೆ
ನನ್ನ ಅಜ್ಜಿಯ ಹೆಸರು ಕೇಳುತ್ತಿದ್ದರು.
ಮಹಾನಗರವಾಗಿದ್ದರೆ
ನಾನು ಸತ್ತು ವಾಸನೆ ಬಂದ ಮೇಲೆ ಬಾಗಿಲು ತಟ್ಟುತ್ತಿದ್ದರು.
ಇಲ್ಲಿ ಎದುರುಮನೆಯ ಎತೆಲ್ವಿನಾ
ಕಿಟಕಿಯಿಂದ ನೋಡುತ್ತಾಳೆ,
ನಾನು ನೋಡಿದರೆ ಪರದೆ ಎಳೆಯುತ್ತಾಳೆ.
ಕಸದ ಗಾಡಿಯ ದಿನ ನಾನು ಮರೆತರೆ ಮಾತ್ರ
ನನ್ನ ಚೀಲವನ್ನೂ ಹೊರಗಿಟ್ಟಿರುತ್ತಾಳೆ.

ಮಧ್ಯಾಹ್ನ ಒಂದಕ್ಕೆ ಅಂಗಡಿಬೀದಿ ಶಟರ್ ಎಳೆದು ಮಲಗುತ್ತದೆ.
ಆ ಹೊತ್ತಲ್ಲಿ ಓಡಾಡುವವರು
ನಾಯಿ, ಗಾಳಿ, ಹೊಸಬರು.
ನಾಲ್ಕು ತಿಂಗಳು ಓಡಾಡಿದೆ.
ಬೀದಿಯ ಕೆಳಗೆ ಹೊಳೆಯೊಂದು ಕೊಳವೆಯಲ್ಲಿ ಹರಿಯುತ್ತದಂತೆ,
ನಾಪೊಸ್ತಾ ಅಂತ ಹೆಸರು.
ಅದರ ನೆತ್ತಿಯ ಮೇಲೆ ನಿಂತು ಕಿವಿಗೊಟ್ಟೆ.
ಕೇಳಿಸಿದ್ದು ಬಾಸ್ಕೆಟ್‌ಬಾಲು.
ಎಲ್ಲೋ ಒಬ್ಬ ಹುಡುಗ, ನಿದ್ದೆ ಬಾರದವನು,
ಸಿಮೆಂಟಿಗೆ ಚೆಂಡು ಬಡಿಯುತ್ತಿದ್ದ.
ಈ ಊರಿನ ನಾಡಿ ಅದೇ;
ಯಾವ ಓಣಿ ಹೊಕ್ಕರೂ ಮೇಲೊಂದು ಬಳೆ, ಬಳೆಗೊಂದು ಬಲೆ.

ಕೆಲಸ ಬಂತು. ಸ್ಕೂಟರಿನ ಹುಡುಗ ತಂದು ಸುರಿದ
ಪ್ಲಾಸ್ಟರಿನ ದವಡೆಗಳು,
ಬೆನ್ನಿಗೆ ಪೆನ್ಸಿಲಿನಲ್ಲಿ ಹೆಸರು.
ಹೀಗೆ ನಾನು ಈ ಊರನ್ನು ಬಾಯಿಯಿಂದ ಹೊಕ್ಕೆ.
ಯಾರು ರಾತ್ರಿಯೆಲ್ಲ ಹಲ್ಲು ಕಡಿಯುತ್ತಾರೆ,
ಯಾರು ಒಂದೇ ಮಗ್ಗುಲಲ್ಲಿ ಅಗಿಯುತ್ತಾರೆ,
ಮಾಟೆಯ ಕೊಳವೆ ಕಚ್ಚಿ ಕಚ್ಚಿ ಯಾರಿಗೆ ಸವೆದಿದೆ —
ಮುಖ ಗೊತ್ತಿಲ್ಲ, ಗುಟ್ಟು ಗೊತ್ತು.

ಆಗಲೇ ಒಂದು ದಿನ ಬಸ್‌ಸ್ಟಾಪಿನಲ್ಲಿ
ಮುದುಕನೊಬ್ಬ ಕೇಳಿದ, ದೊಡ್ಡಾಸ್ಪತ್ರೆ ಯಾವ ಕಡೆ?
ಬೊಚ್ಚುಬಾಯಿ, ಮಾತೆಲ್ಲ ಗಾಳಿ.
ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು.
ಇಲ್ಲೇ ಹುಟ್ಟಿದವಳ ಹಾಗೆ ಕೈ ಚಾಚಿ
“ನೇರ ಹೋಗಿ, ಆಮೇಲೆ ಎಡಕ್ಕೆ” ಅಂದೆ.
ಎಡಕ್ಕೆ ರೈಲ್ವೆ ಯಾರ್ಡು, ಗೋಧಿಯ ವ್ಯಾಗನ್ನು, ಪಾರಿವಾಳ.
ನನಗದು ಗೊತ್ತಾದದ್ದು ಮರುವಾರ.

ಚಳಿಗಾಲ ಕಳೆಯಿತು.
ಶನಿವಾರದ ಸಂತೆಯಲ್ಲಿ
ಬೆಳ್ಳುಳ್ಳಿ ಜಡೆಗಳ ಹಿಂದಿನಿಂದ ಯಾರೋ ಕೂಗಿದರು:
“ಏ, ಎಡಕ್ಕೆ!”
ಅವನೇ.
ಸಂತೆಗೆಲ್ಲ ಕೇಳುವ ಹಾಗೆ ಬೈದ.
ಎರಡು ತಾಸು, ಮಂಡಿನೋವು, ಆ ಹಳಿ, ಆ ಧೂಳು...
ನನ್ನ ಕಿವಿಗೆ ಒಂದೂ ಬೀಳಲಿಲ್ಲ.
ನಾನು ಅವನ ಬಾಯಿ ನೋಡುತ್ತಿದ್ದೆ.
ಮೇಲ್ದವಡೆ, ಪೂರ್ತಿ ಸೆಟ್ಟು. ಮುಂದಿನದೊಂದನ್ನು
ಹುಟ್ಟುಹಲ್ಲಿನಂತೆ ಕಾಣಲೆಂದು ನಾನೇ ಚೂರು ಓರೆ ಕೂರಿಸಿದ್ದೆ.
ಗ್ರಾಫ್, ಎವರಿಸ್ತೊ. ಪೆನ್ಸಿಲಿನ ಹೆಸರು ನೆನಪಾಯಿತು.
ಬೈಗುಳ ಅದೇ ಸಂದಿಯಲ್ಲಿ ನುಸುಳುವಾಗ
ಸಣ್ಣಗೆ ಸಿಳ್ಳೆ ಹಾಕುತ್ತಿತ್ತು.

ಅಷ್ಟು ದೊಡ್ಡ ರಾಜಧಾನಿಯಲ್ಲಿ, ಅಷ್ಟು ವರ್ಷ,
ಯಾರೂ ನನ್ನನ್ನು
ನನ್ನದೇ ಹಲ್ಲಿನಿಂದ ಬೈದಿರಲಿಲ್ಲ.

“ಸೋಮವಾರ ತಗೊಂಡು ಬನ್ನಿ, ಉಜ್ಜಿ ಸರಿ ಮಾಡ್ತೀನಿ” ಅಂದೆ.
“ಎಲ್ಲಿಗೆ?”
ವಿಳಾಸ ಹೇಳಿದೆ, ಎರಡು ಸಲ.
ನಂಬಲಿಲ್ಲ. ಪಕ್ಕದ ಮೊಟ್ಟೆಯವಳ ಕಡೆ ತಿರುಗಿ
ಇವಳು ಹೇಳೋದು ನಿಜವಾ ಅಂದ.
ನಾನು ಅವಳನ್ನು ಕಂಡವಳೇ ಅಲ್ಲ.
ಅವಳು ಚಿಲ್ಲರೆ ಎಣಿಸುತ್ತಲೇ ಹೇಳಿದಳು,
“ಎತೆಲ್ವಿನಾಳ ಎದುರುಮನೆ.
ಸ್ಕಾರ್ಫು ಕಳಕೊಂಡಳಲ್ಲ, ಅವಳು.”